ಪಣವೊಡ್ಡುವ ಅಧಿಕಾರ ಯಾರಿಗೆ?

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ದ್ಯೂತವು ಅನರ್ಥಕ್ಕೆ ಮೂಲವೆಂಬುದನ್ನು ನಮ್ಮಲ್ಲಿ ಅರಿಯದವರಿಲ್ಲ. ಅಜ್ಜಿಯ ಬಾಯಿಂದ ಮಹಾಭಾರತದ ಕಥೆಯನ್ನು ಕೇಳಿದ ಬಾಲಕನೂ ಶಕುನಿಯ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾನೆ. ಆದರೂ ಜನರು ಜೂಜನ್ನು ಬಿಟ್ಟಿಲ್ಲ. ಓದುಬರಹವಿಲ್ಲದವರು ಮಾತ್ರವೇ ಆಡುತ್ತಾರೆಂದರೆ ಅದೂ ಸುಳ್ಳು. ಇಂಜಿನಿಯರಿಂಗ್ ಓದಿದವರು, ಬ್ಯಾಂಕುಗಳಲ್ಲಿ ಅಧಿಕಾರಿಗಳಾದವರು, ಲೆಕ್ಕಪತ್ರದಲ್ಲಿ ನಿಪುಣರಾದವರು ಇಂದು ಪೋಕರ್ ಎಂಬ ಇಸ್ಪೀಟಾಟಕ್ಕೆ ಮನಸೋಲುತ್ತಿರುವರು. ಕೆಲವರು ಅದನ್ನು ಹವ್ಯಾಸವೆನ್ನುತ್ತಾರೆ. ಕೆಲವರು ಉದ್ಯೋಗವೆಂದೇ ಹೇಳಿಕೊಳ್ಳುತ್ತಾರೆ. ಇವರಿಗೆ ‘ಇದು ಪಾಪ’ ಎಂದಷ್ಟೇ ಹೇಳಿ ಸುಮ್ಮನಾದರೆ ಪ್ರಯೋಜನವಿಲ್ಲ. ರೋಗದ ನಿದಾನವನ್ನರಿಯದೆ ಔಷಧ ಕೊಡುವ ವೈದ್ಯನಿಂದ ರೋಗಿಗೆ ಸುಖವಾಗದು. ಆದುದರಿಂದ ಮನುಷ್ಯನು ಪಣವೊಡ್ಡಿ ಏಕೆ ಆಡುತ್ತಾನೆ ಎಂಬುದನ್ನೇ ಈ ಸಂಚಿಕೆಯಲ್ಲಿ ವಿಚಾರಿಸೋಣ.

ಊರು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿರುವ ನಮಗೆ ಈ ವಿಚಾರವು ದೂರದ್ದಲ್ಲ. ಯುಗಾದಿಯ ದಿನ ಜೂಜಾಡುವ ರೂಢಿಯು ನಮ್ಮ ಕನ್ನಡನಾಡಿನ ಹಳ್ಳಿಗಳಲ್ಲಿಯೂ ಉಂಟು. ಉತ್ತರದವರಲ್ಲಿ ದೀಪಾವಳಿಯ ರಾತ್ರಿ ತೀನ್ ಪತ್ತಿ ಆಡಿದರೆ ಲಕ್ಷ್ಮಿಯು ಒಲಿಯುವಳೆಂಬ ನಂಬಿಕೆ ಬೇರೂರಿದೆ. ನೆರೆಹೊರೆಯವರು ಪ್ರೀತಿಯಿಂದ ಕರೆದಾಗ ಒಲ್ಲೆನೆನ್ನಲು ನಮ್ಮ ಮಕ್ಕಳಿಗೆ ಸಂಕೋಚ. ರಜೆಗೆಂದು ಗೋವೆಗೆ ಹೋದವರ ಕಣ್ಣಿಗೆ ಪಣಜಿಯ ಮಾಂಡವಿ ನದಿಯಲ್ಲಿ ನಿಂತ ಕ್ಯಾಸಿನೋ ಹಡಗುಗಳ ದೀಪಾಲಂಕಾರವು ಬೀಳದಿರದು. ಇವೆಲ್ಲಕ್ಕೂ ಮಿಗಿಲಾಗಿ, ಜೂಜುಕಟ್ಟೆಯು ಅಂಗೈಯೊಳಗಿನ ಮೊಬೈಲಿಗೇ ಬಂದು ಕುಳಿತಿತ್ತು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದ ಆಟಗಳಾಗಿರಲಿ ಅದೃಷ್ಟದ ಆಟಗಳಾಗಿರಲಿ, ನಿಷೇಧಿಸಿತು. ಅವುಗಳನ್ನು ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಕೋಟಿ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಿತು. ಸರ್ಕಾರವು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು; ಬಾಗಿಲು ತಟ್ಟುವ ಮನಸ್ಸನ್ನು ತಿದ್ದುವ ಕಾರ್ಯ ಧರ್ಮಕ್ಕೇ ಸೇರಿದ್ದು.

ಆಟದ ಸ್ವರೂಪ

ಪೋಕರ್ ಎಂದರೇನೆಂದು ಅರಿಯದ ಹಿರಿಯರಿಗಾಗಿ ಒಂದೆರಡು ಮಾತು. ಇದು 52 ಎಲೆಗಳ ಇಸ್ಪೀಟಾಟ. ಹೆಚ್ಚಾಗಿ ಆಡುವ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡೆರಡು ಎಲೆಗಳನ್ನು ಮುಚ್ಚಿ ಕೊಡುತ್ತಾರೆ. ಮಧ್ಯದಲ್ಲಿ ಐದು ಎಲೆಗಳನ್ನು ಎಲ್ಲರೂ ಕಾಣುವಂತೆ ಹಂತಹಂತವಾಗಿ ತೆರೆಯುತ್ತಾರೆ. ಈ ಏಳರಲ್ಲಿ ಐದನ್ನು ಆರಿಸಿ ಯಾರ ಜೋಡಣೆ ಮೇಲಾಗುವುದೋ ಅವನೇ ಗೆದ್ದವನು. 52 ಎಲೆಗಳಿಂದ ಐದೈದನ್ನು ಆರಿಸುವ ಬಗೆಗಳು 25,98,960. ಪ್ರತಿಯೊಂದು ಹಂತದಲ್ಲಿಯೂ ಪಣವನ್ನು ಏರಿಸಬಹುದು, ಸರಿಸಮವಾಗಿ ಕಟ್ಟಬಹುದು, ಅಥವಾ ಎಲೆಯನ್ನು ಮಗುಚಿ ಅಲ್ಲಿಯವರೆಗೆ ಕಟ್ಟಿದ್ದನ್ನು ಬಿಟ್ಟುಕೊಟ್ಟು ಹಿಂದೆಗೆಯಬಹುದು.

ಇಲ್ಲಿ ಗಮನಿಸತಕ್ಕ ವಿಶೇಷವೊಂದಿದೆ. ಕೈಯಲ್ಲಿ ಏನೂ ಇಲ್ಲದವನು ಧೈರ್ಯದಿಂದ ಪಣವನ್ನೇರಿಸಿದರೆ, ಒಳ್ಳೆಯ ಎಲೆಯುಳ್ಳವನು ಹೆದರಿ ಮಗುಚಬಹುದು. ಹಾಗಾಗಿ ಸೋಲಬೇಕಾದವನೇ ಗೆಲ್ಲುವುದುಂಟು. ತನ್ನಲ್ಲಿಲ್ಲದ್ದನ್ನು ಇದೆಯೆಂದು ತೋರಿಸುವುದು, ಇರುವುದನ್ನು ಇಲ್ಲವೆಂದು ಮರೆಮಾಡುವುದು, ಎದುರಿನವನ ಮುಖದಿಂದ ಅವನ ಭಯವನ್ನು ಓದುವುದು, ಇವೇ ಈ ಆಟದ ವಿದ್ಯೆ. ಶ್ರೀಕೃಷ್ಣನು ಗೀತೆಯ ಹತ್ತನೆಯ ಅಧ್ಯಾಯದಲ್ಲಿ ದ್ಯೂತವನ್ನು ಮೋಸಗಳ ಸಾಲಿನಲ್ಲಿಯೇ ಎಣಿಸಿದ್ದಾನೆ. ಆಟಗಳ ಸಾಲಿನಲ್ಲಿ ಅಲ್ಲ. ಇದರ ಔಚಿತ್ಯ ನಮಗೆ ಇಲ್ಲಿ ಸ್ಪಷ್ಟವಾಗುತ್ತದೆ.

ಮೊದಲನೆಯ ಕಾರಣ: ಬೇಸರ

ಏಕೆ ಆಡುತ್ತೀರೆಂದು ಕೇಳಿದರೆ ಮೊದಲು ಬರುವ ಉತ್ತರ ‘ವಿನೋದಕ್ಕಾಗಿ’ ಎಂದು. ಈ ಉತ್ತರವನ್ನು ನಾವು ತಿರಸ್ಕರಿಸಲಾಗದು. ನಗರಜೀವನದ ದಣಿವು ಸಾಮಾನ್ಯವಾದುದಲ್ಲ. ಎರಡು ಗಂಟೆ ರೈಲಿನಲ್ಲಿ ನಿಂತು, ಹತ್ತು ಗಂಟೆ ದುಡಿದು, ರಾತ್ರಿ ಬಾಡಿಗೆಯ ಕೋಣೆಗೆ ಹಿಂದಿರುಗುವ ಒಂಟಿ ತರುಣನಿಗೆ ಮಾತನಾಡಿಸುವವರು ಬೇಕು. ಇಸ್ಪೀಟಿನ ಮೇಜು ಅವನಿಗೆ ಜೊತೆಯನ್ನು ಕೊಡುತ್ತದೆ; ಕೆಲವು ಗಂಟೆಗಳ ಕಾಲ ಮೇಲಧಿಕಾರಿಯ ಬೈಗುಳವನ್ನೂ ಮನೆಯ ಸಾಲವನ್ನೂ ಮರೆಸುತ್ತದೆ.

ಆಟವನ್ನು ಶಾಸ್ತ್ರವು ನಿಷೇಧಿಸಿಲ್ಲ. ನಮ್ಮ ಮನೆಗಳಲ್ಲಿ ಕವಡೆ ಹಿಡಿದು ಚೌಕಾಬಾರ ಆಡಿಲ್ಲವೇ? ಹುಣಸೆಬೀಜ ಹಾಕಿ ಅಳಗುಳಿಮಣೆ ಆಡಿಲ್ಲವೇ? ಅಲ್ಲಿಯೂ ಸೋಲುಗೆಲುವುಗಳಿದ್ದವು, ಜಗಳವೂ ಇತ್ತು. ಆದರೆ ಆಟ ಮುಗಿದ ಮೇಲೆ ಕವಡೆಗಳು ಡಬ್ಬಿಗೆ ಸೇರುತ್ತಿದ್ದವು; ಸೋತವನೂ ಗೆದ್ದವನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಹಣದ ಪಣವು ಸೇರಿದೊಡನೆ ಈ ನಿರಪಾಯತೆಯು ಹೋಗುತ್ತದೆ. ಗೆಳೆಯನ ಸೋಲು ನಮಗೆ ಲಾಭವಾಗುತ್ತದೆ. ಜೊತೆಯನ್ನರಸಿ ಬಂದವನು ಜೊತೆಗಾರನ ಮುಖದಲ್ಲಿ ದೌರ್ಬಲ್ಯವನ್ನು ಹುಡುಕಲಾರಂಭಿಸುತ್ತಾನೆ. ಬೇಸರವನ್ನು ಕಳೆಯಲು ಬಂದವನು ಸಂಗವನ್ನೇ ಕಳೆದುಕೊಳ್ಳುತ್ತಾನೆ.

ಎರಡನೆಯ ಕಾರಣ: ‘ಇದು ಬುದ್ಧಿಯ ಆಟ’

ಎರಡನೆಯ ಉತ್ತರ ಇದಕ್ಕಿಂತ ಸೂಕ್ಷ್ಮವಾದುದು. ‘ಇದು ಜೂಜಲ್ಲ, ಕೌಶಲ’ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳುವುದಿಲ್ಲ. ಗಣಿತಜ್ಞ ಜಾನ್ ಫಾನ್ ನಾಯ್ಮನ್ ಹಾಗೂ ಅರ್ಥಶಾಸ್ತ್ರಜ್ಞ ಮಾರ್ಗನ್‌ಸ್ಟರ್ನ್ ಇಬ್ಬರೂ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪೋಕರ್ ಆಟದ ವಿಶ್ಲೇಷಣೆಯಿದೆ. ನಮ್ಮ ನ್ಯಾಯಾಲಯಗಳೂ ಈ ವಿಷಯದಲ್ಲಿ ಬಹುಕಾಲ ಚರ್ಚಿಸಿವೆ. 1867ರ ಸಾರ್ವಜನಿಕ ಜೂಜಿನ ಕಾಯಿದೆಯು ಕೇವಲ ಕೌಶಲದ ಆಟಗಳಿಗೆ ವಿನಾಯಿತಿಯನ್ನು ನೀಡಿತ್ತು. 1968ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ತೀರ್ಮಾನಿಸಿತು. ಪೋಕರಿಗೂ ಅದೇ ನ್ಯಾಯ ಸಲ್ಲಬೇಕೆಂದು ವಾದಿಸಿದಾಗ 2017ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಬೇರೆ ಕಡೆ ಬೇರೆ ತೀರ್ಪುಗಳೂ ಬಂದವು. ದೀರ್ಘಕಾಲ ಆಡಿದರೆ ಲೆಕ್ಕವರಿತವನು ಅರಿಯದವನನ್ನು ಗೆಲ್ಲುವನೆಂಬುದು ನಿಜ.

ಆದರೆ ಈ ವಾದವು ಹೊಸದೆಂದು ಯಾರೂ ಭ್ರಮಿಸಬೇಕಾಗಿಲ್ಲ. ಸಭಾಪರ್ವವನ್ನು ತೆರೆದು ನೋಡೋಣ. ಹಸ್ತಿನಾವತಿಯ ಸಭೆಯಲ್ಲಿ ದ್ಯೂತವು ಆರಂಭವಾಗುವ ಮೊದಲು ಧರ್ಮರಾಜನು, ಇದು ವಂಚನೆಯ ಆಟ, ಇದರಲ್ಲಿ ಕ್ಷತ್ರಿಯನ ಪರಾಕ್ರಮವಿಲ್ಲ ಎಂದು ಸ್ಪಷ್ಟವಾಗಿ ಆಕ್ಷೇಪಿಸುತ್ತಾನೆ. ಶಕುನಿಯ ಉತ್ತರವೇನು? ಪಂಡಿತನು ಅಪಂಡಿತನನ್ನು ಗೆಲ್ಲುವುದೂ, ಅಸ್ತ್ರವನ್ನರಿತವನು ಅರಿಯದವನನ್ನು ಗೆಲ್ಲುವುದೂ ಲೋಕದಲ್ಲಿ ನಡೆದೇ ಇದೆ; ಅದನ್ನು ಯಾರು ವಂಚನೆಯೆನ್ನುತ್ತಾರೆ? ನಿನಗೆ ಭಯವಿದ್ದರೆ ಹಿಂದೆಗೆ, ಎಂಬುದು ಅವನ ಮಾತಿನ ತಾತ್ಪರ್ಯ. ‘ಕೌಶಲದ ಆಟ’ ಎಂಬ ವಾದದ ಮೊದಲ ವಕೀಲನು ಶಕುನಿ! ಕೌಶಲವು ಅವನಲ್ಲಿ ನಿಜವಾಗಿಯೂ ಇತ್ತು. ಆದರೆ ಕೌಶಲವಿದ್ದ ಮಾತ್ರಕ್ಕೆ ಕರ್ಮವು ಶುದ್ಧವಾಗದು. ಜೇಬುಗಳ್ಳನಲ್ಲಿಯೂ ಕೌಶಲವುಂಟು. ಕೌಶಲವು ಯಾರ ಮೇಲೆ, ಯಾವುದಕ್ಕಾಗಿ ಪ್ರಯೋಗವಾಗುತ್ತಿದೆ ಎಂಬುದೇ ಪ್ರಶ್ನೆ.

ಅಷ್ಟೇ ಅಲ್ಲ. ಬುದ್ಧಿಯ ಆಟವೆಂಬ ಹೆಮ್ಮೆಯ ಒಳಗೆ ಇನ್ನೊಂದು ಬಯಕೆ ಅಡಗಿದೆ. ಗೆದ್ದವನನ್ನು ಕೇಳಿರಿ, ‘ನಾನು ಲೆಕ್ಕ ಹಾಕಿದೆ, ನಾನು ಧೈರ್ಯ ಮಾಡಿದೆ, ನಾನು ಗೆದ್ದೆ’ ಎನ್ನುತ್ತಾನೆ. ಅವನೇ ಸೋತ ದಿನ ‘ಎಲೆ ಬೀಳಲಿಲ್ಲ, ಗ್ರಹಚಾರ’ ಎನ್ನುತ್ತಾನೆ. ಗೆಲುವಿಗೆ ನಾನು, ಸೋಲಿಗೆ ದೈವ! ಶ್ರೀಮದಾಚಾರ್ಯರ ಸಿದ್ಧಾಂತದ ಅಡಿಗಲ್ಲು ಯಾವುದು? ಸ್ವತಂತ್ರನು ಶ್ರೀಹರಿಯೊಬ್ಬನೇ, ಜೀವರೂ ಜಡವೂ ಅಸ್ವತಂತ್ರ. ಕರ್ತೃತ್ವವು ಜೀವನಿಗೆ ಇದೆ; ಆದರೆ ಅದು ಹರಿಯ ಅಧೀನವಾದ ಕರ್ತೃತ್ವ. ದಿನವಿಡೀ ಇನ್ನೊಬ್ಬರ ಆಜ್ಞೆಯಲ್ಲಿ ದುಡಿಯುವ ಮನುಷ್ಯನು ಪಣವೊಡ್ಡುವ ಆ ಒಂದು ಕ್ಷಣದಲ್ಲಿ ತಾನೇ ಸ್ವತಂತ್ರನೆಂಬ ರುಚಿಯನ್ನು ಸವಿಯುತ್ತಾನೆ. ಮೇಜಿನ ಮೇಲಿನ ಹಣಕ್ಕಿಂತ ಈ ರುಚಿಯೇ ಅವನನ್ನು ಹೆಚ್ಚು ಎಳೆಯುತ್ತದೆ. ಆದುದರಿಂದಲೇ ಸಾಕಷ್ಟು ಗೆದ್ದವನೂ ಮೇಜನ್ನು ಬಿಟ್ಟೇಳುವುದಿಲ್ಲ. ಬುದ್ಧಿಯ ಹೆಮ್ಮೆಗೂ ಇಂದು ಆಸರೆ ಉಳಿದಿಲ್ಲ. 2017ರ ಜನವರಿಯಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ರೂಪಿಸಿದ ಲಿಬ್ರೇಟಸ್ ಎಂಬ ಗಣಕಯಂತ್ರದ ಕ್ರಮವಿಧಿಯು ನಾಲ್ವರು ವೃತ್ತಿನಿರತ ಆಟಗಾರರನ್ನು 1,20,000 ಕೈಗಳ ಆಟದಲ್ಲಿ ಸೋಲಿಸಿತು. ಅಹಂಕಾರವೂ ಭಯವೂ ಇಲ್ಲದ ಯಂತ್ರವು ಮನುಷ್ಯನನ್ನು ಗೆದ್ದಿತು!

ಮೂರನೆಯ ಕಾರಣ: ಸಂಪಾದನೆ

ಮೂರನೆಯವರು, ಇದರಿಂದ ಜೀವನ ನಡೆಸಬಹುದೆನ್ನುತ್ತಾರೆ. ಇದಕ್ಕೆ ಪ್ರೇರಣೆಯಾದ ಪ್ರಸಿದ್ಧ ಘಟನೆಯೊಂದಿದೆ. ಅಮೆರಿಕದ ಲಾಸ್ ವೇಗಸ್ ನಗರದಲ್ಲಿ 1970ರಿಂದ ಪೋಕರಿನ ವಿಶ್ವಸ್ಪರ್ಧೆ ನಡೆಯುತ್ತ ಬಂದಿದೆ. 2003ರಲ್ಲಿ ಅಲ್ಲಿನ ಮುಖ್ಯ ಪಂದ್ಯವನ್ನು ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ನೌಕರರು ಗೆದ್ದರು. 10,000 ಡಾಲರ್ ಪ್ರವೇಶಧನದ ಆ ಪಂದ್ಯಕ್ಕೆ ಅವರು ಅಲ್ಪ ಹಣದ ಆನ್‌ಲೈನ್ ಪಂದ್ಯವನ್ನು ಗೆದ್ದು ಅರ್ಹರಾಗಿದ್ದರು. ದೊರೆತ ಬಹುಮಾನ 25 ಲಕ್ಷ ಡಾಲರ್. ಈ ಸುದ್ದಿಯನ್ನು ಕೇಳಿದ ಲಕ್ಷಾಂತರ ಜನ, ನಾವೂ ಏಕೆ ಗೆಲ್ಲಬಾರದು ಎಂದುಕೊಂಡರು. 2003ರಲ್ಲಿ 839 ಮಂದಿ ಆಡಿದ್ದ ಅದೇ ಪಂದ್ಯಕ್ಕೆ 2006ರಲ್ಲಿ 8,773 ಮಂದಿ ಸೇರಿದರು. ಒಬ್ಬನ ಹೆಸರನ್ನು ಲೋಕವೆಲ್ಲ ಅರಿಯಿತು. ಕೈಬೀಸಿಕೊಂಡು ಮನೆಗೆ ಮರಳಿದವರ ಹೆಸರನ್ನು ಯಾರೂ ಕೇಳಲಿಲ್ಲ. ಜೂಜಿನ ಕೀರ್ತಿಯೆಲ್ಲವೂ ಹೀಗೆಯೇ: ಗೆಲುವು ಡಂಗುರ ಸಾರುತ್ತದೆ, ಸೋಲು ಬಾಯಿಮುಚ್ಚಿ ಕುಳಿತಿರುತ್ತದೆ.

ಈಗ ಲೆಕ್ಕವನ್ನೇ ನೋಡೋಣ. ಆರು ಮಂದಿ ತಲೆಗೆ 5,000 ರೂಪಾಯಿಗಳಂತೆ ತಂದು ಕುಳಿತರೆಂದುಕೊಳ್ಳಿರಿ. ಮೇಜಿನ ಮೇಲಿರುವುದು 30,000. ಆಡಿಸುವವನು ಪ್ರತಿ ಆಟದ ಪಣದಿಂದಲೂ ತನ್ನ ಪಾಲನ್ನು ತೆಗೆದುಕೊಳ್ಳುತ್ತಾನೆ. ರಾತ್ರಿ ಕಳೆಯುವಷ್ಟರಲ್ಲಿ ಅವನ ಪಾಲು 1,500 ಆಯಿತೆಂದರೆ, ಆರು ಮಂದಿಗೂ ಸೇರಿ ಉಳಿದುದು 28,500. ರಾತ್ರಿಯಿಡೀ ಆರು ಜನರ ಬುದ್ಧಿ ದುಡಿದರೂ ಒಂದು ಪೈಸೆ ಹುಟ್ಟಲಿಲ್ಲ, ಇದ್ದುದೇ ಕರಗಿತು. ಈ ಪದ್ಧತಿಯೂ ಪ್ರಾಚೀನವೇ. ಕೌಟಲ್ಯನ ಅರ್ಥಶಾಸ್ತ್ರವು ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಒಂದೇ ನಿಯತಸ್ಥಳದಲ್ಲಿ ಆಡಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳಲು ಹೇಳುತ್ತದೆ. ಆಡುವವರು ಬದಲಾಗುತ್ತಾರೆ, ಸೋಲದವನು ಆಡಿಸುವವನೊಬ್ಬನೇ.

ರೈತನು ಬಿತ್ತಿದರೆ ಧಾನ್ಯವು ಹುಟ್ಟುತ್ತದೆ. ನೇಕಾರನ ದುಡಿಮೆಯಿಂದ ಬಟ್ಟೆಯಾಗುತ್ತದೆ. ಅಧ್ಯಾಪಕನ ದುಡಿಮೆಯಿಂದ ಶಿಷ್ಯನಿಗೆ ವಿದ್ಯೆ, ವೈದ್ಯನಿಂದ ರೋಗಿಗೆ ಆರೋಗ್ಯ. ಇವರೆಲ್ಲರ ಸಂಬಳದ ಎದುರಿಗೆ ಇನ್ನೊಬ್ಬನಿಗೆ ದೊರೆತ ಒಂದು ಹಿತವಿದೆ. ಜೂಜಿನ ಸಂಪಾದನೆಯ ಎದುರಿಗೆ ಇರುವುದು ಇನ್ನೊಬ್ಬನ ನಷ್ಟ ಮಾತ್ರ. ಆ ನಷ್ಟವೂ ನಮಗಿಂತ ಜಾಣನದ್ದಲ್ಲ, ನಮಗಿಂತ ದುರ್ಬಲನದ್ದು. ವೃತ್ತಿಯಾಗಿ ಆಡುವವನು ತನಗಿಂತ ಕಡಿಮೆ ಬಲ್ಲವನಿರುವ ಮೇಜನ್ನು ಹುಡುಕಲೇಬೇಕು. ಅನನುಭವಿಯಾದ ತರುಣ, ಕುಡಿದು ಕುಳಿತವನು, ಸೋತ ಸಿಟ್ಟಿನಲ್ಲಿ ಏಳಲಾರದವನು, ಇವರೇ ಅವನ ಹೊಲ. ಒಪ್ಪಿಯೇ ಆಡಿದರಲ್ಲ ಎಂದು ಕೇಳಬಹುದು. ಧರ್ಮರಾಜನೂ ಒಪ್ಪಿಯೇ ಆಡಿದನು. ಅದರಿಂದ ದುರ್ಯೋಧನನಿಗೆ ಬಂದ ಸಂಪತ್ತು ಶುದ್ಧವಾಯಿತೇ?

ನಾವು ದುಡಿದುದರಿಂದ ದೇವರ ನೈವೇದ್ಯವಾಗಬೇಕು, ಅತಿಥಿಗೆ ಅನ್ನವಾಗಬೇಕು, ಪಿತೃಗಳಿಗೆ ಶ್ರಾದ್ಧವಾಗಬೇಕು. ನ್ಯಾಯಾರ್ಜಿತವಾದ ದ್ರವ್ಯವೇ ಇವುಗಳಿಗೆ ಯೋಗ್ಯ. ಪ್ರತಿಯೊಂದು ಕರ್ಮದ ಕೊನೆಗೂ ಕೃಷ್ಣಾರ್ಪಣವೆನ್ನುವವರು ನಾವು. ಒಬ್ಬ ಗೃಹಿಣಿಯ ಮಾಸಿಕ ಖರ್ಚಿನ ಹಣವನ್ನೋ ಒಂದು ಮಗುವಿನ ಶಾಲೆಯ ಶುಲ್ಕವನ್ನೋ ಮೇಜಿನ ಮೇಲಿಂದ ಬಾಚಿಕೊಂಡು, ಅದನ್ನು ಕೃಷ್ಣಾರ್ಪಣವೆನ್ನಲು ನಾಲಿಗೆ ಏಳುವುದೇ? ಯಾವ ವೃತ್ತಿಯನ್ನು ಹಿಡಿಯಬೇಕೆಂದು ಸಂದೇಹ ಬಂದ ತರುಣರು ಈ ಒಂದು ಪರೀಕ್ಷೆಯನ್ನು ಮಾಡಿಕೊಂಡರೆ ಸಾಕು.

ನಾಲ್ಕನೆಯ ಕಾರಣ: ಕಳೆದುದರ ಬೆನ್ನುಹತ್ತುವುದು

ಮೊದಲ ಮೂರು ಕಾರಣಗಳು ಮನುಷ್ಯನನ್ನು ಮೇಜಿಗೆ ತರುತ್ತವೆ. ನಾಲ್ಕನೆಯದು ಅವನನ್ನು ಅಲ್ಲಿಯೇ ಕಟ್ಟಿಹಾಕುತ್ತದೆ. ಕಳೆದುದನ್ನು ಮರಳಿ ಪಡೆಯುವ ಆಸೆಯೇ ಅದು. ಧರ್ಮರಾಜನು ಒಡ್ಡಿದ ಪಣಗಳ ಕ್ರಮವನ್ನು ನೆನೆಯಿರಿ. ಮೊದಲು ಮಣಿಹಾರ, ಅನಂತರ ಹೊನ್ನು, ರಥ, ದಾಸದಾಸಿಯರು, ಆನೆ, ಕುದುರೆ, ಗೋಸಂಪತ್ತು, ಕೊನೆಗೆ ರಾಜ್ಯ. ಅದು ಮುಗಿದ ಮೇಲೆ ನಕುಲ, ಸಹದೇವ, ಅರ್ಜುನ, ಭೀಮ, ಆಮೇಲೆ ತಾನು. ಅಷ್ಟರಲ್ಲಿ ಶಕುನಿಯು, ಇನ್ನೂ ದ್ರೌಪದಿಯಿರುವಳಲ್ಲ ಎಂದು ನೆನಪಿಸುತ್ತಾನೆ. ಮಣಿಹಾರದ ಮೆಟ್ಟಿಲಲ್ಲಿ ನಿಂತಿದ್ದಾಗ ‘ಕೊನೆಯಲ್ಲಿ ಪತ್ನಿಯನ್ನೊಡ್ಡುವೆಯಾ’ ಎಂದು ಯಾರಾದರೂ ಕೇಳಿದ್ದರೆ ಧರ್ಮರಾಜನು ಕಿವಿ ಮುಚ್ಚಿಕೊಳ್ಳುತ್ತಿದ್ದನು. ಯಾರೂ ಮನೆಯನ್ನು ಕಳೆಯುವೆನೆಂದು ಆಡಲು ಕೂರುವುದಿಲ್ಲ. ಮಣಿಹಾರವನ್ನು ಮರಳಿ ತರಲು ರಥವನ್ನು ಒಡ್ಡುತ್ತಾರೆ, ಅಷ್ಟೆ.

ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತವು ಜೂಜುಗಾರನ ಈ ದುರವಸ್ಥೆಯನ್ನೇ ವರ್ಣಿಸುತ್ತದೆ. ಅತ್ತೆಯ ದ್ವೇಷ, ಹೆಂಡತಿಯ ಅಗಲಿಕೆ, ಸಾಲ, ರಾತ್ರಿ ಪರರ ಮನೆಗಳತ್ತ ಅಲೆದಾಟ ಎಲ್ಲವೂ ಅಲ್ಲಿವೆ. ಇನ್ನು ಆಡೆನೆಂದು ನಿಶ್ಚಯಿಸಿದವನು ದಾಳಗಳ ಸದ್ದು ಕೇಳಿದೊಡನೆ ಹೊರಟುಬಿಡುವ ಚಿತ್ರವೂ ಇದೆ. ಕೊನೆಗೆ, ಜೂಜನ್ನು ಬಿಟ್ಟು ಹೊಲವನ್ನು ಉಳುವಂತೆ ಸವಿತೃದೇವನ ಉಪದೇಶ. ಆಧುನಿಕ ವೈದ್ಯಶಾಸ್ತ್ರವೂ ಇದೇ ಮಾತಿಗೆ ಬಂದಿದೆ. ಅಮೆರಿಕದ ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಒಂದು ವಿಚಿತ್ರವನ್ನು ತೋರಿಸಿದವು. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿಯು, ಕಾಳು ನಿಂತರೆ ಬೇಗ ಬಿಟ್ಟುಬಿಡುತ್ತದೆ. ಒಮ್ಮೆ ಸಿಕ್ಕಿ ಒಮ್ಮೆ ಸಿಗದೆ, ಯಾವಾಗ ಸಿಗುವುದೆಂದೇ ತಿಳಿಯದಂತಿದ್ದರೆ ಅದು ಕುಕ್ಕುತ್ತಲೇ ಇರುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಜೂಜಿನ ಗೀಳನ್ನು ಮದ್ಯ ಮತ್ತು ಮಾದಕವಸ್ತುಗಳ ಚಟದ ವರ್ಗಕ್ಕೇ ಸೇರಿಸಿತು. ಮನುಸ್ಮೃತಿಯು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳಲ್ಲಿ ಮದ್ಯಪಾನವನ್ನೂ ಅಕ್ಷಕ್ರೀಡೆಯನ್ನೂ ಅತಿಕಷ್ಟವಾದ ನಾಲ್ಕರಲ್ಲಿಯೇ ಎಣಿಸಿದುದನ್ನು ಇಲ್ಲಿ ಸ್ಮರಿಸಬೇಕು.

ಎರಡು ಆಕ್ಷೇಪಗಳು

ದ್ಯೂತವೂ ಭಗವಂತನ ವಿಭೂತಿಯಲ್ಲವೇ, ಗೀತೆಯೇ ಹಾಗೆ ಹೇಳಿದೆಯಲ್ಲ, ಎಂದು ಚತುರರು ಕೇಳುವುದುಂಟು. ವಿಭೂತಿಗಳಲ್ಲಿ ಕೆಲವು ಭಗವಂತನ ಸಾಕ್ಷಾತ್ ರೂಪಗಳು. ಉಳಿದವುಗಳಲ್ಲಿ ಅವನು ವಸ್ತುವಿನಿಂದ ಭಿನ್ನನಾಗಿಯೇ ನಿಂತು ಅದಕ್ಕೆ ಆಯಾ ವರ್ಗದಲ್ಲಿ ಶ್ರೇಷ್ಠತೆಯನ್ನು ಕೊಡುತ್ತಾನೆ. ಇದು ನಮ್ಮ ಸಂಪ್ರದಾಯದ ವಿವರಣೆ. ದ್ಯೂತವು ಎರಡನೆಯ ಬಗೆಯದು. ಮೋಸಗಳಲ್ಲೆಲ್ಲ ದ್ಯೂತಕ್ಕೆ ಅತಿಶಯವಾದ ಸಾಮರ್ಥ್ಯವಿದೆಯೆಂದರೆ, ಅದು ಅಷ್ಟು ಬಲಿಷ್ಠವೆಂಬ ಎಚ್ಚರಿಕೆಯಾಯಿತು, ಆಡಿರೆಂಬ ವಿಧಿಯಾಗಲಿಲ್ಲ. ಸಿಂಹದಲ್ಲಿ ಭಗವಂತನ ವಿಭೂತಿಯಿದೆಯೆಂದು ಯಾರೂ ಅದರ ಗುಹೆಯಲ್ಲಿ ಮಲಗುವುದಿಲ್ಲ.

ನಳನು ಜೂಜಿನಿಂದಲೇ ರಾಜ್ಯವನ್ನು ಮರಳಿ ಪಡೆದನಲ್ಲ ಎಂಬುದು ಎರಡನೆಯ ಆಕ್ಷೇಪ. ವನಪರ್ವದಲ್ಲಿ ಬೃಹದಶ್ವಋಷಿಗಳು ಈ ಕಥೆಯನ್ನು ಧರ್ಮರಾಜನಿಗೇ ಹೇಳಿದರು. ಅದನ್ನು ಪೂರ್ತಿಯಾಗಿ ಕೇಳಬೇಕು. ಕಲಿಯು ನಳನೊಳಗೆ ಹೊಗಲು ಹನ್ನೆರಡು ವರ್ಷ ಕಾದಿದ್ದನು. ಒಂದು ದಿನ ನಳನು ಕಾಲು ತೊಳೆಯದೆ ಸಂಧ್ಯಾವಂದನೆಗೆ ಕುಳಿತನು. ಅಷ್ಟೇ ಸಂದಿನಲ್ಲಿ ಕಲಿಯು ಒಳಹೊಕ್ಕನು. ದೊಡ್ಡ ಅನರ್ಥವು ಸಣ್ಣ ಅಲಕ್ಷ್ಯದ ಬಾಗಿಲಿನಿಂದಲೇ ಬರುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಮುಂದೆ ಋತುಪರ್ಣರಾಜನಿಂದ ಅಕ್ಷಹೃದಯವನ್ನು ಕಲಿತ ಕೂಡಲೇ ಕಲಿಯು ಅವನನ್ನು ಬಿಟ್ಟುಹೋದನು. ಬಳಿಕ ಅವನು ಗೆದ್ದುದು ಒಂದೇ ಪಣದಿಂದ. ಗೆದ್ದ ಮೇಲೆ ಸೋದರನಾದ ಪುಷ್ಕರನಿಗೆ ಅವನ ಪಾಲನ್ನು ಕೊಟ್ಟು ಆದರದಿಂದ ಕಳುಹಿಸಿದನು. ಚಟವಿರುವವನಿಗೆ ಇದು ಸಾಧ್ಯವಿಲ್ಲ. ಧರ್ಮರಾಜನಾದರೋ ಅದೇ ಅಕ್ಷಹೃದಯವನ್ನು ಬೃಹದಶ್ವರಿಂದ ಪಡೆದರೂ, ರಾಜ್ಯಕ್ಕಾಗಿ ಮತ್ತೆ ದುರ್ಯೋಧನನೊಡನೆ ಜೂಜಿಗೆ ಕುಳಿತುಕೊಳ್ಳಲಿಲ್ಲ. ಹನ್ನೆರಡು ವರ್ಷಗಳ ವನವಾಸವನ್ನೂ ಒಂದು ವರ್ಷದ ಅಜ್ಞಾತವಾಸವನ್ನೂ ಪೂರೈಸಿದನು.

ಸತ್ಯದ ಕಾಲು

ಭಾಗವತದ ಮೊದಲನೆಯ ಸ್ಕಂಧದಲ್ಲಿ, ಶರಣುಬಂದ ಕಲಿಗೆ ಪರೀಕ್ಷಿತನು ವಾಸಸ್ಥಾನಗಳನ್ನು ಗೊತ್ತುಮಾಡುವ ಪ್ರಸಂಗವಿದೆ. ಅವುಗಳಲ್ಲಿ ದ್ಯೂತವೇ ಮೊದಲನೆಯದು. ಕಲಿಯು ಮತ್ತೂ ಬೇಡಿದಾಗ ಚಿನ್ನವನ್ನು ಕೊಟ್ಟನು. ದ್ಯೂತವೂ ಚಿನ್ನವೂ ಒಂದೇ ಮೇಜಿನಲ್ಲಿ ಸೇರಿದರೆ ಕಲಿಗೆ ಎರಡು ಮನೆಗಳು ಒಂದಾದಂತೆ! ಧರ್ಮದ ನಾಲ್ಕು ಪಾದಗಳಲ್ಲಿ ಈ ಯುಗಕ್ಕೆ ಉಳಿದುದು ಸತ್ಯವೊಂದೇ; ದ್ಯೂತವು ಆ ಸತ್ಯಕ್ಕೇ ವಿರೋಧಿಯೆಂದು ವ್ಯಾಖ್ಯಾನಪರಂಪರೆ ಹೇಳುತ್ತದೆ. ಅನಿರುದ್ಧನ ವಿವಾಹದಲ್ಲಿ ಬಲರಾಮನೊಡನೆ ಪಗಡೆಯಾಡಿದ ರುಕ್ಮಿಯು, ತಾನು ಸೋತರೂ ಗೆದ್ದೆನೆಂದು ಸುಳ್ಳು ಹೇಳಿದನು. ಮದುವೆಯ ಮನೆಯಲ್ಲಿಯೇ ಅವನ ಪ್ರಾಣ ಹೋಯಿತು.

ಮನೆಗಳಲ್ಲಿ ಜೂಜಿನ ಗುರುತನ್ನು ಹಣಕ್ಕಿಂತ ಮೊದಲು ಮಾತಿನಲ್ಲಿಯೇ ಕಾಣಬಹುದು. ಆಫೀಸಿನಲ್ಲಿ ತಡವಾಯಿತು, ಸಂಬಳ ಬಂದಿಲ್ಲ, ಗೆಳೆಯನಿಗೆ ಸಾಲ ಕೊಟ್ಟೆ, ಎಂದು ಸಣ್ಣ ಸುಳ್ಳುಗಳು ಸೇರುತ್ತ ಹೋಗುತ್ತವೆ. ಮೇಜಿನ ಮೇಲೆ ಕಲಿತ ಮರೆಮಾಚುವ ವಿದ್ಯೆಯು ಊಟದ ಎಲೆಯ ಮುಂದೆಯೂ ಬರುತ್ತದೆ. ತಾಯಿಯು ಮಗನ ಮುಖವನ್ನು ನೋಡಿದರೆ ಏನೂ ತಿಳಿಯದಂತಾಗುತ್ತದೆ. ಕಳೆದ ಹಣವನ್ನು ದುಡಿದು ತುಂಬಬಹುದು. ಮುಖದ ಮೇಲಿನ ಆ ನಂಬಿಕೆಯನ್ನು ತುಂಬಲು ಬಹಳ ವರ್ಷಗಳು ಬೇಕು.

ಮನೆಯವರು ಮಾಡತಕ್ಕದ್ದು

ಇಂತಹ ಸಂಕಟದಲ್ಲಿರುವ ಕುಟುಂಬಗಳಿಗೆ ಕೆಲವು ಮಾತುಗಳನ್ನು ಹೇಳುವುದು ಅಗತ್ಯ. ಮಾನ ಹೋಗುವುದೆಂಬ ಭಯದಿಂದ ವಿಷಯವನ್ನು ಮುಚ್ಚಿಡಬೇಡಿರಿ. ವ್ಯಸನವು ಕತ್ತಲೆಯಲ್ಲಿಯೇ ಬೆಳೆಯುತ್ತದೆ. ಒಡವೆಯನ್ನು ಮಾರಿ ಗುಟ್ಟಾಗಿ ಸಾಲ ತೀರಿಸಿಬಿಡಬೇಡಿರಿ. ಅದು ಮುಂದಿನ ಪಣಕ್ಕೆ ಬಂಡವಾಳವಾದೀತು. ಸಾಲ ಎಷ್ಟು, ಯಾರಿಗೆ ಎಂಬುದನ್ನು ಪೂರ್ತಿ ಬರೆಯಿಸಿ, ದುಡಿಮೆಯಿಂದಲೇ ತೀರಿಸುವ ದಾರಿಯನ್ನು ಹಾಕಿಕೊಡಿರಿ. ಕೆಲವು ಕಾಲ ಮನೆಯ ಹಣದ ವ್ಯವಹಾರ ಬೇರೆಯವರ ಕೈಯಲ್ಲಿರಲಿ. ಧೃತರಾಷ್ಟ್ರನಂತೆ ಸಭೆಯಲ್ಲಿ ಕುಳಿತು ‘ಗೆದ್ದರೇ, ಗೆದ್ದರೇ’ ಎಂದು ಕೇಳುವ ಹಿರಿಯರು ನಾವಾಗಬಾರದು. ಮಗ ಹಣ ತಂದ ದಿನ ಹೊಗಳಿ ಕಳೆದ ದಿನ ಬೈಯುವುದು ಅದೇ ತಪ್ಪು. ವಿದುರನಂತೆ, ಕೇಳದಿದ್ದರೂ ಸರಿ, ಹಿತವನ್ನು ನೇರವಾಗಿ ಹೇಳಬೇಕು.

ಗೀಳು ಬಲವಾಗಿದ್ದರೆ ಮನೋವೈದ್ಯರಲ್ಲಿ ಕರೆದೊಯ್ಯಲು ಹಿಂಜರಿಯಬಾರದು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯು 14416 ಸಂಖ್ಯೆಯಲ್ಲಿ ದೊರೆಯುತ್ತದೆ. ಬದುಕೇ ಬೇಡವೆಂಬ ಮಾತು ಅವನ ಬಾಯಿಂದ ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ ಕೂಡಲೇ ಜೊತೆಯಲ್ಲಿ ಕುಳಿತುಕೊಳ್ಳಿರಿ. ವೈದ್ಯರ ಚಿಕಿತ್ಸೆಯೂ ಭಗವಂತನ ಅನುಗ್ರಹದ ದ್ವಾರವೇ. ಅದರೊಂದಿಗೆ, ಬಿಟ್ಟ ಆಟದ ಗಂಟೆಗಳನ್ನು ಖಾಲಿ ಬಿಡಬಾರದು. ಸವಿತೃದೇವನು ಜೂಜುಗಾರನಿಗೆ ಬಿಡು ಎಂದಷ್ಟೇ ಹೇಳಲಿಲ್ಲ, ಉಳು ಎಂದೂ ಹೇಳಿದನು. ಭಾನುವಾರದ ಪಾಠ, ಭಜನೆ, ಪಂಕ್ತಿಯಲ್ಲಿ ಬಡಿಸುವ ಸೇವೆ, ಇವು ಒಂಟಿ ತರುಣನಿಗೆ ಜೊತೆಯನ್ನೂ ಕೊಡುತ್ತವೆ, ಕೈಗೆ ಕೆಲಸವನ್ನೂ ಕೊಡುತ್ತವೆ. ಅಂತಹವನು ನಮ್ಮ ಬಾಗಿಲಿಗೆ ಬಂದಾಗ ಅವನ ಹಳೆಯ ಕಥೆಯನ್ನು ಪಿಸುಗುಟ್ಟದಿರುವುದೂ ಒಂದು ಸೇವೆಯೇ.

ದ್ರೌಪದಿಯ ಪ್ರಶ್ನೆ

ಕೊನೆಯದಾಗಿ, ತುಂಬಿದ ಸಭೆಯಲ್ಲಿ ಉತ್ತರ ಸಿಗದೆ ಉಳಿದ ಆ ಪ್ರಶ್ನೆಗೆ ಬರೋಣ. ರಾಜನು ಮೊದಲು ತನ್ನನ್ನು ಸೋತನೋ, ನನ್ನನ್ನೋ ಎಂದು ದ್ರೌಪದಿಯು ಕೇಳಿದಳು. ತನ್ನ ಮೇಲೆಯೇ ಅಧಿಕಾರವಿಲ್ಲದವನು ಇನ್ನೊಬ್ಬರನ್ನು ಪಣವಾಗಿ ಒಡ್ಡಬಹುದೇ ಎಂಬುದು ಅದರ ತಿರುಳು. ಧರ್ಮದ ಗತಿ ಸೂಕ್ಷ್ಮವೆಂದು ಭೀಷ್ಮರೂ ತಡವರಿಸಿದರು.

ಆ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಂಡರೆ ಉತ್ತರ ಕಠಿಣವಲ್ಲ. ಜೀವನು ಎಂದೂ ಸ್ವತಂತ್ರನಾಗಿರಲಿಲ್ಲ. ಸೋತ ಮೇಲೆ ಅಸ್ವತಂತ್ರನಾದುದಲ್ಲ. ಕೈಯಲ್ಲಿರುವ ಹಣ, ಬುದ್ಧಿ, ಆಯುಸ್ಸು, ನಮ್ಮನ್ನು ನಂಬಿ ಬಂದ ಹೆಂಡತಿಮಕ್ಕಳು, ಇವೆಲ್ಲವೂ ಶ್ರೀಹರಿಯು ನಮ್ಮಲ್ಲಿ ಇಟ್ಟ ನ್ಯಾಸ. ನ್ಯಾಸವನ್ನು ಕಾಯುವುದು, ಬೆಳೆಸುವುದು, ಕೇಳಿದಾಗ ಒಪ್ಪಿಸುವುದು, ಇಷ್ಟೇ ನಮ್ಮ ಅಧಿಕಾರ. ಪರರ ಸೊತ್ತನ್ನು ಪಣಕ್ಕಿಡುವ ಅಧಿಕಾರ ಯಾರಿಗೂ ಇಲ್ಲ. ಮುಂದಿನ ಹಬ್ಬದಲ್ಲಿ ಯಾರಾದರೂ ಪ್ರೀತಿಯಿಂದ ಎಲೆ ಹಂಚಿ ‘ಸುಮ್ಮನೆ ಒಂದು ಕೈ’ ಎಂದು ಕರೆದರೆ, ಅವರನ್ನು ನಿಂದಿಸದೆ, ನಗುತ್ತಲೇ ಹೇಳಬಹುದಾದ ಮಾತು ಇದೇ: ಇದು ನನ್ನದಲ್ಲ, ಹೇಗೆ ಒಡ್ಡಲಿ?

ಸರ್ವಸ್ವತಂತ್ರನಾದ ಶ್ರೀಕೃಷ್ಣನು, ತುಂಬಿದ ಸಭೆಯಲ್ಲಿ ಕೃಷ್ಣೆಯ ಮಾನವನ್ನು ಕಾಯ್ದಂತೆ, ನಮ್ಮೆಲ್ಲರ ಮನೆಗಳ ಮಾನವನ್ನೂ ಮಕ್ಕಳ ಬುದ್ಧಿಯನ್ನೂ ಕಾಯಲಿ ಎಂದು ಪ್ರಾರ್ಥಿಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥